ಅಂವ ಅಲ್ಲ ಅಂದ ಮುಂಜಾನೆ

ನಮ್ಮವ್ವ ಅಣ್ಣನನ್ನೂ ಹೆತ್ತವಳಲ್ಲ, ನನ್ನನ್ನೂ ಹೆತ್ತವಳಲ್ಲ. ಅಫಜಲಪುರದ ರಸ್ತೆಗೆ ಸಿಗುವ ಚೌಡಾಪುರದಲ್ಲಿ ಅವಳದೊಂದು ಖಾನಾವಳಿ ಇತ್ತು. ಗಾಣಗಾಪುರಕ್ಕೆ ಹೋಗುವ ಭಕ್ತರು, ಲಾರಿ ಡ್ರೈವರುಗಳು, ಸಂತೆಗೆ ಬಂದ ರೈತರು ಅಲ್ಲಿ ಉಣ್ಣುತ್ತಿದ್ದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಶೇಂಗಾದ ಹಿಂಡಿ. ಹದಿನೆಂಟು ತುಂಬುವವರೆಗೆ ನಾನು ನೋಡಿದ ಊಟ ಅದೇ.

ಅವ್ವ ಅಫಜಲಪುರದ ಹೊಲಮನೆಯುಳ್ಳ ಲಿಂಗಾಯತ ಮನೆತನದವಳು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಕೊಂಡ. ತವರಿಗೆ ಬಂದವಳು ಅಲ್ಲಿ ಒಲೆಯ ಮುಂದೆ ಕೂತು ಕಾಲ ಕಳೆಯಲು ಒಪ್ಪಲಿಲ್ಲ. ಹೆಂಗೂ ಒಲೆಯ ಮುಂದೆಯೇ ಕೂರುವುದಾದರೆ ಅದು ನನ್ನ ಒಲೆಯೇ ಆಗಿರಲಿ ಎಂದು ಚೌಡಾಪುರಕ್ಕೆ ಬಂದಳಂತೆ.

ಅಣ್ಣ ಅವಳಿಗೆ ಸಿಕ್ಕಿದ್ದು ಮೊದಲು. ಅವನನ್ನು ಹೆತ್ತವಳಿಗೆ ತಲೆ ಸರಿ ಇರಲಿಲ್ಲ. ಮನೆಯವರು ಗಾಣಗಾಪುರಕ್ಕೆ ಕರೆತಂದು, ಗುಣವಾಗಲಿ ಎಂದು ಹರಕೆ ಹೊತ್ತು, ಕಡೆಗೆ ಅವಳನ್ನು ಅಲ್ಲಿಯೇ ಬಿಟ್ಟು ಹೋದರು. ಅವಳು ನಾಲ್ಕು ವರ್ಷದ ಮಗುವನ್ನು ಕೈಹಿಡಿದು ಚೌಡಾಪುರದವರೆಗೆ ನಡೆದು ಬಂದು ಖಾನಾವಳಿಯ ಕಟ್ಟೆಯ ಮೇಲೆ ಉಳಿದಳು. ಒಂದು ಮಳೆಗಾಲ ಕಳೆಯುವುದರೊಳಗೆ ತೀರಿಹೋದಳು. ನನ್ನನ್ನು ಹೆತ್ತವರು ಸರಸಂಬಾದ ದಲಿತ ಕೇರಿಯವರು, ಕೂಲಿ ಮಾಡುವವರು. ಅಪ್ಪ ಸತ್ತ ಮೇಲೆ ತಾಯಿ ಖಾನಾವಳಿಯಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕೆ ಸೇರಿದ್ದಳಂತೆ. ಕಾಮಾಲೆಯಾಗಿ ಅವಳೂ ಹೋದಾಗ ನನಗೆ ಎರಡು ವರ್ಷ. ಅವ್ವ ನನ್ನನ್ನು ತನ್ನ ತಾಟಿನಲ್ಲಿಯೇ ಉಣಿಸುತ್ತಾಳೆಂಬ ಸುದ್ದಿ ಅಫಜಲಪುರಕ್ಕೆ ಮುಟ್ಟಿದ ದಿನದಿಂದ ಅವಳ ಸ್ವಂತ ಅಣ್ಣ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವ್ವ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ರೇಷನ್ ಕಾರ್ಡಿನಲ್ಲಿ ನಮ್ಮಿಬ್ಬರ ಹೆಸರನ್ನೂ ಮಕ್ಕಳು ಎಂದು ಬರೆಸಿದಳು, ಅಷ್ಟೇ. ದತ್ತಕದ ಕಾಗದ ಪತ್ರ ಎಂಬುದೊಂದು ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಸರೆ ಕೇಳಿಕೊಂಡು ಒಬ್ಬ ಹೆಂಗಸು ಬಂದದ್ದು ನಾನು ಹನ್ನೆರಡನೆಯ ತರಗತಿ ಮುಗಿಸಿ ಮನೆಯಲ್ಲಿದ್ದ ಬೇಸಿಗೆಯಲ್ಲಿ. ಜೇವರ್ಗಿಯ ಕಡೆಯವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಎಡಗೈ ಮುರಿದಿತ್ತು, ಸೆರಗಿನಿಂದಲೇ ಕಟ್ಟಿಕೊಂಡಿದ್ದಳು. ಗಂಡ ಬೋರ್‌ವೆಲ್ ಗಾಡಿಯ ಮೇಲೆ ಕೆಲಸ ಮಾಡುವವನು, ಹೊಡೆಯುತ್ತಾನೆ, ತವರಿಗೆ ಹೋದರೆ ಮೊದಲು ಅಲ್ಲಿಗೇ ಬಂದು ಹುಡುಕುತ್ತಾನೆ ಎಂದಳು. ಅವ್ವ ಹೆಚ್ಚೇನೂ ಕೇಳಲಿಲ್ಲ. ದವಾಖಾನೆಗೆ ಕರೆದೊಯ್ದು ಕೈಗೆ ಪಟ್ಟಿ ಹಾಕಿಸಿ, ಹಿಂದಿನ ಖೋಲಿಯಲ್ಲಿ ಇರು ಎಂದಳು. ಅವಳು ಒಂದೇ ಕೈಯಲ್ಲಿ ಕಾಯಿಪಲ್ಯ ಸೋಸುತ್ತ ಎಂಟು ದಿನ ನಮ್ಮೊಂದಿಗಿದ್ದಳು.

ಒಂಬತ್ತನೆಯ ದಿನ ಮಧ್ಯಾಹ್ನ, ಉಣ್ಣುವವರೆಲ್ಲ ಎದ್ದು ಹೋದ ಮೇಲೆ, ಒಬ್ಬ ಬಂದು ಊಟಕ್ಕೆ ಕೂತ. ಅವನಿಗೆ ಬಡಿಸಿದವಳು ನಾನು. ಎರಡು ಸಲ ಬ್ಯಾಳಿ ಹಾಕಿಸಿಕೊಂಡ. ಕೈ ತೊಳೆದು ಬಂದು, ಇಲ್ಲಿ ಕೈ ಮುರಿದ ಹೆಂಗಸೊಬ್ಬಳು ಬಂದಿದ್ದಾಳೇನು ಎಂದು ಅವ್ವನನ್ನು ಕೇಳಿದ. ಅವ್ವ ರೊಟ್ಟಿ ಬಡಿಯುತ್ತಲೇ ಇಲ್ಲ ಎಂದಳು. ಅವನು ಹೊರಟೇ ಬಿಟ್ಟಿದ್ದ. ಅಷ್ಟರಲ್ಲಿ ಆ ಹೆಂಗಸು ಒಂದು ತೊಳೆದ ಪಾತ್ರೆ ಹಿಡಿದುಕೊಂಡು ಹಿತ್ತಲಿನಿಂದ ಒಳಗೆ ಬಂದಳು. ಅವನು ಅವಳ ಕೂದಲಿಗೆ ಕೈ ಹಾಕಿದ. ಅವ್ವ ಎದ್ದು ನಡುವೆ ಬಂದಳು. ಕಟ್ಟಿಗೆ ಒಡೆಯುವ ಕೊಡಲಿ ಗೋಡೆಗೆ ಆನಿಸಿ ಇಟ್ಟಿತ್ತು. ಅವನು ಅದರ ಹಿಂಬದಿಯಿಂದ ಅವ್ವನ ತಲೆಗೆ ಎರಡು ಸಲ ಹೊಡೆದ. ಮೊದಲನೆಯ ಸಲ ಅವ್ವ ಬಿದ್ದಳು. ಎರಡನೆಯ ಸಲ ಹೊಡೆಯುವ ಕಾರಣವೇ ಇರಲಿಲ್ಲ. ಆಮೇಲೆ ಕೊಡಲಿ ಬಿಸಾಕಿ ರಸ್ತೆಗೆ ಓಡಿ, ಹೊರಡುತ್ತಿದ್ದ ಟೆಂಪೋ ಒಂದರ ಹಿಂದೆ ಜೋತುಬಿದ್ದು ಹೋದ.

ಕಲಬುರಗಿಯ ದಾರಿಯಲ್ಲಿ, ಜೀಪಿನಲ್ಲಿ, ನನ್ನ ತೊಡೆಯ ಮೇಲೆ ಅವ್ವ ಹೋದಳು. ಅಣ್ಣ ಆಗ ಕಬ್ಬಿನ ಹೊಲಗಳಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಸುದ್ದಿ ಮುಟ್ಟಿ ಅವನು ದವಾಖಾನೆಗೆ ಬಂದಾಗ ಅವ್ವನ ಮೇಲೆ ಬಟ್ಟೆ ಹೊದಿಸಿ ಆಗಿತ್ತು.

ಮಣ್ಣಿಗೆ ಅಫಜಲಪುರದಿಂದ ಅವ್ವನ ಅಣ್ಣ ಬಂದಿದ್ದರು. ಹತ್ತಾರು ವರ್ಷಗಳ ನಂತರ ಮೊದಲ ಸಲ. ಬಿಳಿ ಧೋತರ ಉಟ್ಟ, ಬಾಗಿದ ಮನುಷ್ಯ. ಕುಣಿಯಲ್ಲಿ ಅವ್ವನನ್ನು ಕೂರಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ ಆದ ಮೇಲೆ ಮೊದಲ ಹಿಡಿ ಮಣ್ಣು ಯಾರು ಹಾಕಬೇಕು ಎಂಬ ಮಾತು ಬಂತು. ಅವರ ಜೊತೆ ಬಂದವರೊಬ್ಬರು, ರಕ್ತಸಂಬಂಧ ಇದ್ದವರೇ ಹಾಕಬೇಕು ಎಂದರು. ನಾನೂ ಅಣ್ಣನೂ ಹಿಂದೆ ಸರಿದು ನಿಂತೆವು. ಮುದುಕರು ನಮ್ಮಿಬ್ಬರನ್ನೂ ನೋಡಿದರು.

"ನೀವ ಹಾಕ್ರಿ" ಅಂದರು. "ಅಕಿ ಬದುಕಿದ್ದಾಗ ನಾ ಯಾವದಕ್ಕೂ ಆಗ್ಲಿಲ್ಲ."

ಅಣ್ಣ ಮಣ್ಣು ಹಾಕಿದ. ಅವನ ಹಿಂದೆ ನಾನು ಹಾಕಿದೆ. ಮನೆಗೆ ಮರಳುವ ದಾರಿಯಲ್ಲಿ ಅಣ್ಣ ನನಗೊಂದು ಮಾತು ಹೇಳಿದ. ಹೊಲದ ಕೆಲಸದ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿದ. ಅವನು ಎಲ್ಲೇ ಇದ್ದರೂ ಹುಡುಕುತ್ತೇನೆ, ಸಿಕ್ಕ ದಿನ ಕಡಿಯುತ್ತೇನೆ, ನೀನು ಓದುವುದನ್ನು ಬಿಡಬೇಡ. ನಾನು ಆಯಿತು ಎಂದೆ. ಆ ಹೊತ್ತಿನಲ್ಲಿ ನನಗೂ ಅದೇ ಬೇಕಾಗಿತ್ತು.

ಪೊಲೀಸರು ಹುಡುಕಿದರು. ಅವನು ಬೋರ್‌ವೆಲ್ ಗಾಡಿಯ ಕೆಲಸಕ್ಕೆ ಮತ್ತೆ ಹೋಗಿರಲಿಲ್ಲ, ತನ್ನ ಊರಿಗೂ ಹೋಗಿರಲಿಲ್ಲ. ಅವನ ಹೆಂಡತಿ ಹೇಳಿಕೆ ಕೊಟ್ಟು ಜೇವರ್ಗಿಯ ತವರಿಗೆ ಹೋದವಳು ಆಮೇಲೆ ಯಾರ ಫೋನನ್ನೂ ಎತ್ತಲಿಲ್ಲ. ಅವನದೊಂದು ಹಳೆಯ ಫೋಟೋ ಸಿಕ್ಕಿತ್ತು, ಮುಖ ಮಸುಕು ಮಸುಕು. ಅದನ್ನು ಅಣ್ಣ ಫೋನಿನಲ್ಲಿ ಇಟ್ಟುಕೊಂಡು ದಿನಾ ನೋಡುತ್ತಿದ್ದ. ಆದರೆ ಮನುಷ್ಯನನ್ನು ಅವನು ಕಣ್ಣಾರೆ ಕಂಡೇ ಇರಲಿಲ್ಲ. ಅಂದು ಖಾನಾವಳಿಯಲ್ಲಿ ಅವನನ್ನು ಕಂಡವರು ನಾನು ಮತ್ತು ಆ ಹೆಂಗಸು, ಇಬ್ಬರೇ.

ಖಾನಾವಳಿಗೆ ಕೀಲಿ ಹಾಕಿ ನಾನು ಆಳಂದಕ್ಕೆ ಹೋಗಿ ಹಾಸ್ಟೆಲಿನಲ್ಲಿದ್ದು ಓದಿದೆ. ಮೂರು ವರ್ಷ ಹೀಗೆಯೇ ನಡೆಯಿತು. ಬೇಸಿಗೆಯಲ್ಲಿ ಅಣ್ಣ ಸಿಕ್ಕ ಸಿಕ್ಕ ಲಾರಿಯ ಕೆಲಸ ಹಿಡಿಯುತ್ತಿದ್ದ, ಸೊಲ್ಲಾಪುರದ ಕಡೆಗೂ ಹೋಗಿ ಬರುತ್ತಿದ್ದ. ಚಳಿಗಾಲದಲ್ಲಿ ಭೂಸನೂರಿನ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಿದ್ದ. ತಿಂಗಳಿಗೊಮ್ಮೆ ಹಾಸ್ಟೆಲಿಗೆ ಬಂದು ಹಣ್ಣು ಕೊಟ್ಟು ಹೋಗುತ್ತಿದ್ದ. ಸಿಕ್ಕನೇನು ಎಂದು ನಾನು ಕೇಳುತ್ತಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೊದಲ ವರ್ಷ ನಾನು ಆ ಮುಖ ನೋಡಿ ನಿರಾಸೆಪಡುತ್ತಿದ್ದೆ. ಮೂರನೆಯ ವರ್ಷ ಬರುವ ಹೊತ್ತಿಗೆ ಸಮಾಧಾನಪಡಲು ಶುರು ಮಾಡಿದ್ದೆ. ಇದು ಯಾವಾಗ ಬದಲಾಯಿತು ಎಂದು ನನಗೆ ಹೇಳಲಾಗುವುದಿಲ್ಲ. ಅಣ್ಣ ಸೊರಗಿದ್ದ, ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ, ನನ್ನೊಂದಿಗೆ ನಗುವುದನ್ನೂ ಬಿಟ್ಟಿದ್ದ. ಅವ್ವನನ್ನು ಕೊಂದವನು ಅಣ್ಣನನ್ನೂ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡು ಹೋಗುತ್ತಿದ್ದಾನೆ ಅನ್ನಿಸುತ್ತಿತ್ತು.

ಕಡೆಯ ವರ್ಷದ ಪರೀಕ್ಷೆಗೆ ಎರಡು ತಿಂಗಳಿದ್ದಾಗ ಒಂದು ಮುಂಜಾನೆ ಅಣ್ಣ ಬೈಕಿನ ಮೇಲೆ ಬಂದ. ಹಣ್ಣು ತಂದಿರಲಿಲ್ಲ.

"ಹತ್ತು" ಅಂದ. "ಒಬ್ಬನ್ನ ನೋಡಬೇಕಾಗ್ಯದ."

ದಾರಿಯಲ್ಲಿ ತಿರುಗಿ ನೋಡದೆ ಎಲ್ಲ ಹೇಳಿದ. ಭೂಸನೂರಿನ ಹತ್ತಿರ ಕಬ್ಬು ಕಡಿಯುವ ಟೋಳಿಯೊಂದು ಬಂದಿದೆ, ಗಡಿಯಾಚೆಯ ಮರಾಠಿ ಮಂದಿ. ಅವರ ನಡುವೆ ಒಬ್ಬ ಮಾತ್ರ ನಮ್ಮ ಕಡೆಯ ಕನ್ನಡ ಆಡುತ್ತಾನೆ. ಹೆಸರು ಬೇರೆ ಹೇಳುತ್ತಾನೆ, ಗಡ್ಡ ಬಿಟ್ಟಿದ್ದಾನೆ. ಬೋರ್‌ವೆಲ್ ಮಶಿನಿನ ಬಗ್ಗೆ ಒಮ್ಮೆ ಮಾತಿಗೆ ಮಾತು ಬಂದಾಗ ಎಲ್ಲ ತಿಳಿದವನ ಹಾಗೆ ಆಡಿದ. ಅಣ್ಣ ನಾಲ್ಕು ದಿನ ಅವನ ಜೊತೆ ಚಹಾ ಕುಡಿದು, ಕಬ್ಬು ಹೇರಿಸಿಕೊಂಡು ಹೋಗಿದ್ದ. ಆದರೂ ಖಾತ್ರಿ ಆಗಿರಲಿಲ್ಲ.

ಹೊಲದ ಬದುವಿನಲ್ಲಿ ಅಣ್ಣನ ಟ್ರ್ಯಾಕ್ಟರ್ ನಿಂತಿತ್ತು. ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಕೊಯ್ತಾ ಇತ್ತು, ಕಬ್ಬು ಕಡಿಯುವ ಕತ್ತಿ. ಅಣ್ಣ ಅದನ್ನು ನನ್ನಿಂದ ಮುಚ್ಚಿಡಲಿಲ್ಲ.

"ನೀ ಮಾರಿ ನೋಡು. ಹೌದೋ ಅಲ್ಲೋ ಅಷ್ಟ ಹೇಳು. ಉಳದಿದ್ದು ನನಗ ಬಿಡು."

ಟೋಳಿಯವರು ಗುಡಿಸಲುಗಳ ಮುಂದೆ ಬಿಸಿಲು ಕಾಯಿಸುತ್ತ ರೊಟ್ಟಿ ತಿನ್ನುತ್ತಿದ್ದರು. ಟೋಳಿಯ ಹಿರಿಯ, ಮುಕಾದಮ, ನಮ್ಮ ಬಳಿ ಬಂದು ನಿಂತ. ನಾನು ಕೆಲಸ ಹುಡುಕಿಕೊಂಡು ಬಂದ ಅಣ್ಣನ ಬಳಗದವಳೆಂದು ತಿಳಿದ. ನಾನು ಸಾಲಿನ ಮೇಲೆ ಕಣ್ಣಾಡಿಸಿದೆ. ಐದನೆಯವನು ಅವನು. ಗಡ್ಡ ಬಿಟ್ಟಿದ್ದ, ಬಡಕಲಾಗಿದ್ದ, ಕೆನ್ನೆ ಒಳಗೆ ಹೋಗಿದ್ದವು. ನನಗೆ ಅನುಮಾನವೇ ಬರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಯಾರ್ ಬೇಕ್ರಿ ಅಕ್ಕಾರ?" ಎಂದ.

ಬ್ಯಾಳಿ ಹಾಕ್ರಿ ಎಂದು ಎರಡು ಸಲ ಕೇಳಿದ ದನಿ ಅದೇ. ಅವನಿಗೆ ನನ್ನ ಗುರುತು ಸಿಗಲಿಲ್ಲ. ಅಂದು ಅವನು ಊಟ ಬಡಿಸಿದವಳ ಮುಖ ನೋಡಿರಲೇ ಇಲ್ಲ.

ಅಣ್ಣ ನನ್ನ ಪಕ್ಕದಲ್ಲಿ ನಿಂತಿದ್ದ. ಅವನ ಒಂದು ಕೈ ಟ್ರ್ಯಾಕ್ಟರಿನ ಸೀಟಿನ ಮೇಲಿತ್ತು.

"ಅಂವ ಅಲ್ಲ, ಅಣ್ಣ" ಅಂದೆ.

ಅಣ್ಣ ನನ್ನ ಮುಖವನ್ನೇ ನೋಡಿದ. ಇನ್ನೊಮ್ಮೆ ನೋಡು ಎಂದ. ನೋಡಿದೆ, ಅಲ್ಲ ಎಂದೆ. ಸೀಟಿನ ಮೇಲಿದ್ದ ಕೈ ಕೆಳಗೆ ಬಂತು. ನಾನು ಮುಕಾದಮನಿಗೆ, ಇನ್ನೂ ಎಷ್ಟು ದಿನ ಇಲ್ಲಿ ಇರುತ್ತೀರಿ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಇನ್ನು ನಾಲ್ಕು ದಿನ ಎಂದ. ಅಣ್ಣ ಹಾಸ್ಟೆಲಿನವರೆಗೆ ಬಿಟ್ಟು ಹೋದ.  ನಾನು ದಾರಿಯುದ್ದಕ್ಕೂ ಅವನ ಬೆನ್ನು ನೋಡುತ್ತ ಕೂತಿದ್ದೆ.

ಅವನು ಕಣ್ಣಿಗೆ ಮರೆಯಾದ ಮೇಲೆ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ ಹವಾಲ್ದಾರರಿಗೆ ಫೋನ್ ಮಾಡಿದೆ. ಅವ್ವನ ಕೈಯ ರೊಟ್ಟಿ ಉಂಡವರು ಅವರು. ಎಲ್ಲವನ್ನೂ ಹೇಳಿದೆ, ಅಣ್ಣನಿಗೆ ಹೇಳಿದ ಸುಳ್ಳನ್ನೂ. ಅವರು ಟೋಳಿ ಇರುವ ಜಾಗ ಕೇಳಿ ಬರೆದುಕೊಂಡರು. ಆಮೇಲೆ, ನೀನು ಹಾಸ್ಟೆಲ್ ಬಿಟ್ಟು ಹೊರಗೆ ಬರಬೇಡ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದರು. ಮರುದಿನ ಮುಂಜಾನೆ ಅವನನ್ನು ಹಿಡಿದರು. ಅವನು ಓಡಲಿಲ್ಲವಂತೆ. ಕೈಯಲ್ಲಿದ್ದ ಕಬ್ಬನ್ನು ಕೆಳಗಿಟ್ಟು ನಿಂತನಂತೆ.

ಅಣ್ಣನಿಗೆ ಸುದ್ದಿ ತಿಳಿದದ್ದು ಹೊಲದಲ್ಲಿ, ಟೋಳಿಯವರಿಂದ. ಅವನು ನನಗೆ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಜೈಲಿನಲ್ಲಿ ಹತ್ತು ಜನರ ಸಾಲಿನಲ್ಲಿ ಅವನನ್ನು ಗುರುತಿಸಲು ನನ್ನನ್ನು ಕರೆದೊಯ್ದ ದಿನವೂ ಅಣ್ಣ ಬರಲಿಲ್ಲ. ತಿಂಗಳಿಗೊಮ್ಮೆ ಬರುವ ಹಣ್ಣು ನಿಂತಿತು. ಪರೀಕ್ಷೆ ಬರೆದೆ, ಪಾಸಾದೆ, ಆಳಂದದಲ್ಲಿಯೇ ಖಾಸಗಿ ಶಾಲೆಯೊಂದಕ್ಕೆ ಟೀಚರಾಗಿ ಸೇರಿದೆ. ಮೊದಲ ಸಂಬಳದ ದಿನ ಅಣ್ಣನಿಗೆ ಒಂದು ಶರ್ಟು ತೆಗೆದುಕೊಂಡು ಚೌಡಾಪುರಕ್ಕೆ ಹೋದೆ. ಅವನು ಶರ್ಟು ತೆಗೆದುಕೊಂಡ, ಚಹಾ ಮಾಡಿಕೊಟ್ಟ, ಒಂದು ಮಾತೂ ಆಡಲಿಲ್ಲ.

ಕೇಸು ಶುರುವಾಗುವ ಮೊದಲು ಸರ್ಕಾರಿ ವಕೀಲರು ನನ್ನನ್ನು ಕರೆಸಿ ಒಂದು ಎಚ್ಚರಿಕೆ ಹೇಳಿದರು. ಭೂಸನೂರಿನ ಹೊಲದಲ್ಲಿ ನಾನು ಅವನಲ್ಲ ಎಂದದ್ದನ್ನು ಮುಕಾದಮ ಕೇಳಿಸಿಕೊಂಡಿದ್ದಾನೆ, ಅದು ಎದುರು ವಕೀಲರಿಗೆ ಗೊತ್ತಾಗಿದೆ. ಅಂದು ಅಲ್ಲ ಎಂದವಳು ಇಂದು ಹೌದು ಎಂದರೆ ಅದಕ್ಕೆ ತೂಕವಿರುವುದಿಲ್ಲ. ಅವ್ವ ಸತ್ತ ದಿನ ಅವನು ಚೌಡಾಪುರಕ್ಕೆ ಬಂದೇ ಇರಲಿಲ್ಲ ಎಂಬುದು ಅವರ ವಾದ. ಆ ಹೆಂಗಸು ಬಂದು ಹೇಳದಿದ್ದರೆ ಕಷ್ಟ.

ನಾನು ಜೇವರ್ಗಿಗೆ ಹೋದೆ. ಅಲ್ಲಿಂದ ಆಟೋ ಹಿಡಿದು ಅವಳ ಹಳ್ಳಿಗೆ. ಅವಳ ತಮ್ಮ ಬಾಗಿಲಲ್ಲೇ ನಿಲ್ಲಿಸಿ, ಅಕ್ಕ ಎಲ್ಲಿಗೂ ಬರುವುದಿಲ್ಲ, ಜೈಲಿನಿಂದ ಹೊರಬಂದರೆ ಅವನು ಮೊದಲು ಬರುವುದು ಇಲ್ಲಿಗೇ ಎಂದ. ಅವನ ಮಾತು ತಪ್ಪೆಂದು ನನಗೆ ಅನ್ನಿಸಲಿಲ್ಲ. ಅಷ್ಟರಲ್ಲಿ ಅವಳೇ ಹೊರಗೆ ಬಂದಳು. ಎಡಗೈ ಸೊಟ್ಟಗೆ ಕೂಡಿತ್ತು. ನನ್ನನ್ನು ಒಳಗೆ ಕರೆದು ನೀರು ಕೊಟ್ಟು ಎದುರಿಗೆ ಕೂತಳು.

"ಆ ಯವ್ವ ನನ್ನ ಸಲುವಾಗಿ ಸತ್ಲು" ಅಂದಳು. "ನಿಮ್ಮ ಮಾರಿ ನೋಡಾಕ ಆಗದ ಇಲ್ಲಿ ಮುಚ್ಚಕೊಂಡ ಕುಂತೇನ್ರಿ."

ನಾನು ಅಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಇಷ್ಟು ವರ್ಷ ನಾನೂ ಒಳಗೊಳಗೆ ಹಾಗೆಯೇ ಅಂದುಕೊಂಡಿದ್ದೆ. ಆ ಹೊತ್ತು ಅವಳು ಪಾತ್ರೆ ಹಿಡಿದು ಬಾರದೇ ಇದ್ದಿದ್ದರೆ ಎಂದು ಎಷ್ಟು ಸಲ ಯೋಚಿಸಿದ್ದೆನೋ. ಅದನ್ನೂ ಅವಳಿಗೆ ಹೇಳಿದೆ. ಈಗ ನಿನ್ನನ್ನು ನೋಡಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ ಎಂದೂ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಹೊರಡುವಾಗ ಬಾಗಿಲವರೆಗೆ ಬಂದು, ನನಗೆ ತಿಳಿಯದ ಒಂದು ಸಂಗತಿ ಹೇಳಿದಳು.

"ನಿಮ್ಮಣ್ಣಾರು ಮೂರ ಸಲ ಬಂದು ಹೋಗ್ಯಾರ. ನೀ ಬರಲಿಲ್ಲಂದ್ರ ಮಂದಿ ನನ್ನ ತಂಗೀನ ಸುಳ್ಳಗಾತಿ ಅಂತಾರ ಅಂದ್ರು."

ನಾನು ಆಟೋದಲ್ಲಿ ಕೂತು ಜೇವರ್ಗಿ ಬರುವವರೆಗೂ ಅತ್ತೆ. ಅವ್ವ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಕಲಬುರಗಿಯ ಕೋರ್ಟಿನಲ್ಲಿ ನನ್ನ ಸಾಕ್ಷಿ ಒಂದಿಡೀ ಮುಂಜಾನೆ ನಡೆಯಿತು. ಎದುರು ವಕೀಲರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಸತ್ತವಳಿಗೂ ನಿಮಗೂ ಏನು ಸಂಬಂಧ ಎಂದು ಮೊದಲು ಕೇಳಿದರು. ತಾಯಿ ಎಂದೆ. ಹೆತ್ತ ತಾಯಿಯೇ ಎಂದರು. ಅಲ್ಲ ಎಂದೆ. ದತ್ತಕ ಪತ್ರ ಇದೆಯೇ ಎಂದರು. ಇಲ್ಲ, ರೇಷನ್ ಕಾರ್ಡ್ ಇದೆ ಎಂದೆ. ಹಿಂದೆ ಯಾರೋ ನಕ್ಕರು. ವಕೀಲರು ನಗಲಿಲ್ಲ. ಅವರು ಭೂಸನೂರಿನ ಹೊಲಕ್ಕೆ ಬಂದರು. ಅಂದು ನೀವು ಈ ಮನುಷ್ಯನನ್ನು ಹತ್ತು ಹೆಜ್ಜೆಯ ದೂರದಿಂದ ನೋಡಿ ಇವನಲ್ಲ ಎಂದಿರಿ, ಹೌದೋ ಅಲ್ಲವೋ ಎಂದರು. ಹೌದು ಎಂದೆ. ಹಾಗಾದರೆ ಅಂದು ಸುಳ್ಳು ಹೇಳಿದಿರೋ, ಇಂದು ಹೇಳುತ್ತಿದ್ದೀರೋ ಎಂದರು.

ಅಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದ. ನಾನು ಕೊಟ್ಟ ಶರ್ಟು ಹಾಕಿಕೊಂಡಿದ್ದ. ನಾನು ಅವನ ಕಡೆ ನೋಡದೆ ನ್ಯಾಯಾಧೀಶರನ್ನು ನೋಡಿ ಹೇಳಿದೆ.

"ಅಂದು ಸುಳ್ಳ ಹೇಳೇನ್ರಿ. ಹೌದು ಅಂದಿದ್ರ ನಮ್ಮಣ್ಣ ಅವನ್ನ ಅಲ್ಲೇ ಕಡೀತಿದ್ದ. ಅವ್ವನ್ನ ಕಳಕೊಂಡಿದ್ದೆ. ಅಣ್ಣನ್ನೂ ಕಳಕೊಳ್ಳೋದು ನನ್ನ ಕೈಲೆ ಆಗ್ತಿರ್ಲಿಲ್ರಿ."

ನ್ಯಾಯಾಧೀಶರು ಅದನ್ನು ಬರೆಸಿಕೊಂಡರು. ಅಣ್ಣ ಕೊಲ್ಲಲು ಹೊರಟಿದ್ದನೆಂದು ತುಂಬಿದ ಕೋರ್ಟಿನಲ್ಲಿ ನಾನೇ ಹೇಳಿದ್ದೆ. ಕೆಳಗಿಳಿದು ಅವನ ಬೆಂಚನ್ನು ದಾಟಿ ಹೊರಗೆ ಹೋದೆ.

ಮುಂದಿನ ತಾರೀಖಿಗೆ ಆ ಹೆಂಗಸು ಬಂದಳು. ತಮ್ಮನೂ ಜೊತೆಗಿದ್ದ. ಕಟಕಟೆಯಲ್ಲಿ ನಿಂತು ಸೊಟ್ಟಗಾದ ಕೈಯನ್ನು ತೋರಿಸಿ, ಇದನ್ನು ಮುರಿದವನು ಇವನು, ಅವ್ವನಿಗೆ ಹೊಡೆದವನು ಇವನು ಎಂದಳು. ಗಂಡನನ್ನು ನೋಡುತ್ತಲೇ ಹೇಳಿದಳು. ಎದುರು ವಕೀಲರು ಅವಳನ್ನು ಹೆಚ್ಚು ಕೇಳಲಿಲ್ಲ. ಏಳು ತಿಂಗಳ ಮೇಲೆ ತೀರ್ಪು ಬಂತು. ಜೀವಾವಧಿ.  ತೀರ್ಪು ಕೇಳಲು ಅವ್ವನ ಅಣ್ಣ ಅಫಜಲಪುರದಿಂದ ಮೊಮ್ಮಗನ ಹೆಗಲು ಹಿಡಿದು ಬಂದಿದ್ದರು. ನನ್ನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಬಹಳ ದಿನ ಬದುಕಲಿಲ್ಲ.

ಈಗ ಅಣ್ಣ ಖಾನಾವಳಿಯ ಕೀಲಿ ತೆಗೆದಿದ್ದಾನೆ. ಮದುವೆಯಾಗಿದ್ದಾನೆ. ಅತ್ತಿಗೆಯ ರೊಟ್ಟಿ ಅವ್ವನದಕ್ಕಿಂತ ದಪ್ಪ, ಆದರೂ ಮಂದಿ ಬರುತ್ತಾರೆ. ಆ ಹೆಂಗಸು ಜೇವರ್ಗಿಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿದ್ದಾಳೆ. ನಾನು ಆ ಕಡೆ ಹೋದಾಗ ಅವಳ ಅಂಗಡಿಗೆ ಹೋಗಿ ಕೂತು ಬರುತ್ತೇನೆ. ಹಳೆಯ ಮಾತು ನಾವು ಆಡುವುದಿಲ್ಲ.

ಕಳೆದ ವರ್ಷ ದೀಪಾವಳಿಗೆ ಹೋದಾಗ, ಊಟವಾಗಿ ಕಟ್ಟೆಯ ಮೇಲೆ ಕೂತಿದ್ದಾಗ ಅಣ್ಣ ತಾನಾಗಿಯೇ ಆ ಮಾತು ತೆಗೆದ. ಅಂದು ಹೊಲದಲ್ಲಿ ಅವನನ್ನು ನೋಡಿದ ಕೂಡಲೇ ನಿನಗೆ ಗೊತ್ತಾಯಿತೇನು ಎಂದು ಕೇಳಿದ. ಕೂಡಲೇ ಗೊತ್ತಾಯಿತು ಎಂದೆ. 

"ನಾ ನಿನ್ನ ಮ್ಯಾಲ ಸಿಟ್ಟಾಗಿದ್ದು ಸುಳ್ಳ ಹೇಳಿದ್ದಕ್ಕಲ್ಲ" ಅಂದ. "ನಿನ್ನ ಮಾತು ಕೇಳಿ ನನಗ ಮನಸ ಹಗುರಾತು. ಕೈ ಕೆಳಗ ಬಂತಲ್ಲ, ಅದಕ್ಕ ಸಿಟ್ಟ ಬಂದಿತ್ತು."

 ಹೇಳುವುದು ನನ್ನಲ್ಲಿಯೂ ಒಂದಿತ್ತು, ಇಂದಿಗೂ ಅವನಿಗೆ ಹೇಳಿಲ್ಲ. ಕೋರ್ಟಿನಲ್ಲಿ ನಾನು ಹೇಳಿದ್ದು ನಿಜವೇ, ಆದರೆ ಪೂರ್ತಿಯಲ್ಲ. ಆ ಮುಂಜಾನೆ ಅವ್ವನನ್ನು ಕೊಂದವನ ದನಿ ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ಹೌದು ಎಂಬ ಮಾತೇ. ಅದನ್ನು ನುಂಗಿಕೊಂಡು ಇನ್ನೊಂದನ್ನು ಹೇಳಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಆ ಉಸಿರಿನ ಹೊತ್ತಿನಲ್ಲಿ ನನಗೆ ಅವನು ಅಲ್ಲಿಯೇ ಸಾಯುವುದೇ ಬೇಕಾಗಿತ್ತು. ಅಣ್ಣನ ನೆನಪು ಆಗ ಇರಲಿಲ್ಲ, ಆಮೇಲೆ ಬಂತು, ಬಂದ ಮೇಲೆಯೇ ಅಲ್ಲ ಎಂದೆ.